ಮಡಿಕೇರಿ ಹೆಸರಿನ ಹಡಗು ಮತ್ತು ಟಪಾಲಿನ ಸಾಹೇಬ

ನಮ್ಮೂರಿಗೆ ಮಡಿಕೇರಿಯಿಂದ ದಿನಕ್ಕೆರಡು ಟ್ರಿಪ್ ಬರುತ್ತಿದ್ದ ಖಾಸಗಿ ಬಸ್ಸಿಗೆ ಹಿರಿಯರು ಈಗಲೂ ಟಪಾಲು ಬಸ್ಸು ಎಂದೇ ಹೇಳುತ್ತಾರೆ. ನನ್ನ ಅಜ್ಜ ಅದರಲ್ಲಿ ಕಂಡಕ್ಟರ್ ಆಗಿದ್ದರು. ಆಷಾಢದ ಮಳೆಯಲ್ಲಿ ನಾಲ್ಕೇ ಜನ ಕೂತಿದ್ದರೂ ಬಸ್ಸು ಹೊರಡಲೇಬೇಕಿತ್ತಂತೆ. ಟಪಾಲು ಚೀಲಕ್ಕೆ ಸರ್ಕಾರ ಕೊಡುವ ದುಡ್ಡು ಡೀಸೆಲ್‌ಗೆ ಸರಿಹೋಗುತ್ತಿತ್ತು, ಟಿಕೆಟ್ಟಿನ ಕಾಸು ಮಾಲೀಕನ ಲಾಭ ಎಂದು ಅಜ್ಜ ಲೆಕ್ಕ ಹೇಳುತ್ತಿದ್ದರು. ಆ ಲೆಕ್ಕ ನನಗೆ ಆಗ ಅರ್ಥವಾಗಿರಲಿಲ್ಲ.

ಈಗ ಮಂಗಳೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಹಿಂದಿನ ಸೆಮಿಸ್ಟರಿನಲ್ಲಿ ಉಗಿ ಎಂಜಿನ್ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಹಳೆಯ ಹಡಗುಗಳ ಪಟ್ಟಿ ನೋಡುತ್ತಿದ್ದಾಗ ಒಂದು ಹೆಸರು ಕಣ್ಣಿಗೆ ಬಿತ್ತು: ಮರ್ಕಾರ. ಬ್ರಿಟಿಷರು ನಮ್ಮ ಮಡಿಕೇರಿಯನ್ನು ಕರೆಯುತ್ತಿದ್ದುದು ಹಾಗೆ. ಸಮುದ್ರವೇ ಕಾಣದ ಬೆಟ್ಟದೂರಿನ ಹೆಸರು ಹಡಗಿಗೆ ಯಾಕೆ ಬಂತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದವರು ವಿಲಿಯಂ ಮ್ಯಾಕಿನನ್. ಸೆಮಿನಾರ್ ಮುಗಿದು ಅಂಕವೂ ಬಂತು. ಈ ಮನುಷ್ಯ ಮಾತ್ರ ತಲೆಯಿಂದ ಹೋಗಿಲ್ಲ.

ಮ್ಯಾಕಿನನ್ ಹುಟ್ಟಿದ್ದು 1823ರಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಕ್ಯಾಂಪ್‌ಬೆಲ್‌ಟೌನ್ ಎಂಬ ಪುಟ್ಟ ಊರಿನಲ್ಲಿ. ದೊಡ್ಡ ಮನೆತನವಲ್ಲ, ದೊಡ್ಡ ಓದೂ ಅಲ್ಲ. ಮೊದಲು ಊರಿನ ದಿನಸಿ ವ್ಯಾಪಾರದಲ್ಲಿ ಕೆಲಸ ಕಲಿತರು. ಆಮೇಲೆ ಗ್ಲಾಸ್ಗೋಗೆ ಹೋಗಿ ರೇಷ್ಮೆ ಗೋದಾಮಿನಲ್ಲಿ, ನಂತರ ಪೂರ್ವದೇಶಗಳೊಡನೆ ವ್ಯವಹಾರವಿದ್ದ ಒಂದು ವರ್ತಕರ ಕಚೇರಿಯಲ್ಲಿ ದುಡಿದರು. 1847ರಲ್ಲಿ ಹಡಗು ಹತ್ತಿ ಕಲ್ಕತ್ತೆಗೆ ಬಂದರು. ಅವರ ಊರಿನವರೇ ಆದ ರಾಬರ್ಟ್ ಮೆಕೆಂಜಿ ಅಷ್ಟರಲ್ಲಿ ಬಂಗಾಳದ ಕಡೆ ವ್ಯಾಪಾರ ಶುರುಮಾಡಿದ್ದರು. ಇಬ್ಬರೂ ಸೇರಿ ಕಟ್ಟಿದ್ದು ಮ್ಯಾಕಿನನ್ ಮೆಕೆಂಜಿ ಕಂಪನಿ. ಹಡಗು ಕ್ಷೇತ್ರದಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇಂದಿಗೂ ಗೊತ್ತಿರುವ ಹೆಸರು ಅದು. ಆದರೆ ಮೆಕೆಂಜಿ ಹೆಚ್ಚು ದಿನ ಬದುಕಲಿಲ್ಲ. 1853ರಲ್ಲಿ ಆಸ್ಟ್ರೇಲಿಯಾದಿಂದ ಮರಳುವಾಗ ಹಡಗು ಒಡೆದು ನೀರುಪಾಲಾದರು. ಗೆಳೆಯನನ್ನು ಸಮುದ್ರಕ್ಕೆ ಕೊಟ್ಟ ಮ್ಯಾಕಿನನ್ ಮುಂದೆ ಆ ಸಮುದ್ರವನ್ನೇ ನಂಬಿ ಬದುಕಿದರು.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಹಾಯಿ ಹಡಗಿಗೆ ಗಾಳಿ ಪುಕ್ಕಟೆ. ಉಗಿ ಹಡಗಿಗೆ ಕಲ್ಲಿದ್ದಲು ಬೇಕು, ಅದನ್ನು ದುಡ್ಡು ಕೊಟ್ಟು ತರಬೇಕು. 1850ರ ಸುಮಾರಿನ ಎಂಜಿನ್‌ಗಳಲ್ಲಿ ಉಗಿ ಒಂದೇ ಸಿಲಿಂಡರಿನಲ್ಲಿ ಹಿಗ್ಗಿ ಹೊರಹೋಗುತ್ತಿತ್ತು. ಒತ್ತಡವೂ ಕಡಿಮೆ, ಹೀಗಾಗಿ ಶಾಖದ ದೊಡ್ಡ ಪಾಲು ದಂಡ. ಹಡಗಿನ ಹೊಟ್ಟೆಯ ಬಹುಭಾಗವನ್ನು ಎಂಜಿನ್, ಬಾಯ್ಲರ್ ಮತ್ತು ಕಲ್ಲಿದ್ದಲೇ ತುಂಬಿಕೊಂಡರೆ ಸರಕಿಗೆ ಜಾಗ ಎಲ್ಲಿ? ಬಾಡಿಗೆ ಹುಟ್ಟುವುದು ಎಲ್ಲಿಂದ? ಆದರೆ ಉಗಿ ಹಡಗಿಗೆ ಒಂದು ಗುಣವಿತ್ತು. ಗಾಳಿ ಇರಲಿ ಬಿಡಲಿ, ಹೇಳಿದ ದಿನ ಹೊರಟು ಹೆಚ್ಚುಕಡಿಮೆ ಹೇಳಿದ ದಿನ ತಲುಪುತ್ತಿತ್ತು. ಈ ಗುಣಕ್ಕೆ ಬೆಲೆ ಕೊಡಲು ತಯಾರಿದ್ದ ದೊಡ್ಡ ಗಿರಾಕಿ ಒಬ್ಬನೇ, ಸರ್ಕಾರ. ದೂರದ ಪ್ರಾಂತ್ಯವನ್ನು ಆಳಬೇಕಾದರೆ ಕಾಗದಪತ್ರ ದಿನಕ್ಕೆ ಸರಿಯಾಗಿ ಹೋಗಿ ಬರಬೇಕಲ್ಲ. ಹಾಗಾಗಿ ಟಪಾಲು ಗುತ್ತಿಗೆ ಸಿಕ್ಕಿದವನ ಹಡಗು ಓಡುತ್ತಿತ್ತು, ಸಿಗದವನದು ದಡದಲ್ಲೇ ಉಳಿಯುತ್ತಿತ್ತು. ಅಜ್ಜನ ಬಸ್ಸಿನ ಲೆಕ್ಕವೇ ಇದು.

1852ರ ಯುದ್ಧದ ನಂತರ ಕೆಳ ಬರ್ಮಾ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತ್ತು. ಕಲ್ಕತ್ತೆಗೂ ರಂಗೂನಿಗೂ ನಡುವೆ ಟಪಾಲು ಒಯ್ಯಲು ಕಂಪನಿ ಗುತ್ತಿಗೆ ಕರೆಯಿತು. ಅದನ್ನು ಹಿಡಿದವರು ಮ್ಯಾಕಿನನ್. 1856ರಲ್ಲಿ ಗ್ಲಾಸ್ಗೋದಲ್ಲಿ 35,000 ಪೌಂಡ್ ಬಂಡವಾಳದಲ್ಲಿ ಕಲ್ಕತ್ತ ಅಂಡ್ ಬರ್ಮಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಹುಟ್ಟಿತು. ಇದ್ದದ್ದು ಎರಡೇ ಹಡಗು: ಕೇಪ್ ಆಫ್ ಗುಡ್ ಹೋಪ್ ಮತ್ತು ಬಾಲ್ಟಿಕ್. ಗುತ್ತಿಗೆ ಎಂದರೆ ಬರೀ ಹಣವಲ್ಲ, ಕಟ್ಟುಪಾಡು ಕೂಡ. ಯಾವ ದಿನ ಹೊರಡಬೇಕು, ಯಾವ ಬಂದರಿನಲ್ಲಿ ನಿಲ್ಲಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟದ್ದು. ಸರಕು ಬರುವುದು ತಡವಾಯಿತೆಂದು ಟಪಾಲು ಹಡಗು ಕಾಯುವ ಹಾಗಿಲ್ಲ.

ಮರುವರ್ಷವೇ ಉತ್ತರ ಭಾರತದಲ್ಲಿ ದಂಗೆ ಎದ್ದಿತು. ಸಿಲೋನಿನಿಂದ ಕಲ್ಕತ್ತೆಗೆ ಸೈನಿಕರನ್ನು ತರಲು ಸರ್ಕಾರಕ್ಕೆ ಕೈಗೆ ಸಿಕ್ಕಿದ್ದು ಮ್ಯಾಕಿನನ್ ಅವರ ಹಡಗು. ನಾವು ಸ್ವಾತಂತ್ರ್ಯ ಸಂಗ್ರಾಮ ಎಂದು ಓದುವ 1857 ಅವರ ಖಾತೆಪುಸ್ತಕದಲ್ಲಿ ಒಳ್ಳೆಯ ವರ್ಷ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಇಷ್ಟಪಡಲು ಶುರುಮಾಡಿದ್ದ ಮನುಷ್ಯ ಯಾರ ಕಡೆಯವನು ಎನ್ನುವುದು ಅಲ್ಲಿ ಸ್ಪಷ್ಟವಾಯಿತು. ಮುಂದೆ ಅವರ ಕಂಪನಿ ಹಡಗುಗಳನ್ನು ಕಟ್ಟಿಸುವಾಗಲೇ ಸೈನಿಕರನ್ನು ಸಾಗಿಸಲು ಆಗುವ ಹಾಗೆ ಕಟ್ಟಿಸುತ್ತಿತ್ತು. ಸರ್ಕಾರಕ್ಕೆ ಅಷ್ಟರಮಟ್ಟಿಗೆ ಸ್ವಂತ ಹಡಗು ಸಾಕುವ ಖರ್ಚು ಉಳಿಯುತ್ತಿತ್ತು.

1862ರಲ್ಲಿ ಕಂಪನಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಎಂಬ ಹೊಸ ಹೆಸರಿನಲ್ಲಿ ಬೆಳೆಯಿತು. ಜನರ ಬಾಯಲ್ಲಿ ಅದು ಬಿ.ಐ. ಮುಂಬೈ ಗವರ್ನರ್ ಆಗಿ ಬಂದ ಬಾರ್ಟಲ್ ಫ್ರೆಯರ್ ಅವರ ಬೆಂಬಲವೂ ಸಿಕ್ಕಿತು. ಬರ್ಮಾ, ಕರಾಚಿ, ಪರ್ಷಿಯಾ ಕೊಲ್ಲಿ ಹೀಗೆ ಗುತ್ತಿಗೆ ಹಬ್ಬಿದಲ್ಲೆಲ್ಲ ಹಡಗು ಹಬ್ಬಿತು. ನಮ್ಮ ಕಾರವಾರ, ಮಂಗಳೂರಿನಲ್ಲೂ ಬಿ.ಐ. ಹಡಗುಗಳು ನಿಲ್ಲುತ್ತಿದ್ದವು. ನಿಲ್ಲುವುದು ಎಂದರೆ ದಕ್ಕೆಗೆ ತಾಗಿ ಅಲ್ಲ. ಹಡಗು ಹೊರಗೆ ಆಳದ ನೀರಿನಲ್ಲಿ ಲಂಗರು ಹಾಕುತ್ತಿತ್ತು. ಜನರೂ ಮೂಟೆಗಳೂ ಟಪಾಲು ಚೀಲವೂ ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದ ಅಲೆ ಎದ್ದರೆ ಅದೂ ಇಲ್ಲ. ಮಂಗಳೂರಿನ ಹಳೆ ಬಂದರಿನಲ್ಲಿ ನಿಂತು ಮೀನು ದೋಣಿಗಳನ್ನು ನೋಡುವಾಗ ನಾನು ಈಗ ಇದನ್ನೇ ಊಹಿಸಿಕೊಳ್ಳುತ್ತೇನೆ.

ಕಂಪನಿಗೆ ನಷ್ಟಗಳೂ ಆದವು. ಮೊದಲ ಎರಡು ಹಡಗುಗಳಲ್ಲಿ ಒಂದಾದ ಕೇಪ್ ಆಫ್ ಗುಡ್ ಹೋಪ್ ಹೂಗ್ಲಿ ನದಿಯಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. 1864ರ ಚಂಡಮಾರುತದಲ್ಲಿ ಪರ್ಷಿಯಾ ಎಂಬ ಹಡಗು ಹೋಯಿತು. ಆದರೂ ಹಡಗುಗಳ ಸಂಖ್ಯೆ ಏರುತ್ತಲೇ ಇತ್ತು. ಅವುಗಳಲ್ಲಿ ಹೆಚ್ಚಿನವನ್ನು ಕಟ್ಟಿದ್ದು ಸ್ಕಾಟ್ಲೆಂಡಿನ ಡಂಬಾರ್ಟನ್ ಊರಿನ ಡೆನ್ನಿ ಕಾರ್ಖಾನೆ. ಅಷ್ಟರಲ್ಲಿ ಉಗಿಯನ್ನು ಎರಡು ಸಿಲಿಂಡರಿನಲ್ಲಿ ಒಂದರ ನಂತರ ಒಂದರಂತೆ ದುಡಿಸುವ ಕಾಂಪೌಂಡ್ ಎಂಜಿನ್ ಬಂದಿತ್ತು. ಕಲ್ಲಿದ್ದಲು ಖರ್ಚು ಮೂರರಲ್ಲಿ ಒಂದು ಪಾಲಿನಷ್ಟು ಇಳಿಯಿತು. 1869ರಲ್ಲಿ ಸೂಯೆಜ್ ಕಾಲುವೆಯೂ ತೆರೆಯಿತು.

ಒಂದು ಘಟನೆಯನ್ನು ಬಿಡುವಂತಿಲ್ಲ. 1866ರಲ್ಲಿ ಒಡಿಶಾದಲ್ಲಿ ಭೀಕರ ಬರ, ಸುಮಾರು ಹತ್ತು ಲಕ್ಷ ಜನ ಸತ್ತರು. ಬರ್ಮಾದಿಂದ ಅಕ್ಕಿ ತರಬೇಕು. ಹಡಗುಗಳು ಇದ್ದದ್ದು ಮ್ಯಾಕಿನನ್ ಅವರ ಬಳಿ. ಅವರ ಏಜೆಂಟರು ಸಮಯ ನೋಡಿ ಹೆಚ್ಚಿನ ಬಾಡಿಗೆಗೆ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡುಬಿಟ್ಟಿದ್ದರು. ವಿಷಯ ತಿಳಿದ ಮ್ಯಾಕಿನನ್ ಆ ಒಪ್ಪಂದವನ್ನೇ ರದ್ದು ಮಾಡಿ, ಮಾಮೂಲಿ ದರಕ್ಕಿಂತ ಕಡಿಮೆಗೆ ಅಕ್ಕಿ ಸಾಗಿಸಲು ಆಜ್ಞೆ ಮಾಡಿದರೆಂದು ಅವರ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ಸೈನಿಕರನ್ನು ಸಾಗಿಸಿ ದುಡಿದವರೂ ಇವರೇ, ಅಕ್ಕಿಯ ಲಾಭ ಬಿಟ್ಟವರೂ ಇವರೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಲು ನನಗೆ ಬರುವುದಿಲ್ಲ. ಎರಡೂ ನಡೆದದ್ದು ನಿಜ.

ಇನ್ನು ನಮ್ಮ ಮರ್ಕಾರ. ಬಿ.ಐ. ಹಡಗುಗಳಿಗೆ 'ಆ'ಕಾರದಲ್ಲಿ ಮುಗಿಯುವ ಊರಿನ ಹೆಸರು ಇಡುವುದು ರೂಢಿ. ಅಲ್ಮೋರಾ, ಢಾಕಾ, ಕ್ವೆಟ್ಟಾ ಹೀಗೆ. ಮರ್ಕಾರವೂ ಆ ಸಾಲಿನದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಆಗ ಪ್ರತ್ಯೇಕ ವಸಾಹತು. ಲಂಡನ್ನಿನ ಟಪಾಲು ಸಿಡ್ನಿ ಕಡೆಯಿಂದ ಸುತ್ತಿ ಬರುವುದು ಬೇಡ, ನೇರವಾಗಿ ನಮಗೇ ಬರಲಿ ಎಂದು ಅಲ್ಲಿನ ಸರ್ಕಾರ ಬಿ.ಐ. ಜೊತೆ ಗುತ್ತಿಗೆ ಮಾಡಿಕೊಂಡಿತು. ನಾಲ್ಕು ವಾರಕ್ಕೊಂದು ಹಡಗು. ಸೂಯೆಜ್, ಏಡನ್, ಕೊಲಂಬೊ, ಜಾವಾದ ಬಟಾವಿಯಾ ದಾಟಿ, ಟಾರೆಸ್ ಜಲಸಂಧಿಯ ಮೂಲಕ ಬ್ರಿಸ್ಬೇನ್. 1881ರಲ್ಲಿ ಈ ದಾರಿಯ ಮೊದಲ ಟಪಾಲು ಹಡಗಾಗಿ ಹೋದದ್ದು ಮರ್ಕಾರ. ನಮ್ಮೂರಿನ ಹೆಸರು ಹೊತ್ತ ಹಡಗಿಗಾಗಿ ಭೂಮಿಯ ಇನ್ನೊಂದು ತುದಿಯಲ್ಲಿ ಜನ ಬಂದರಿನಲ್ಲಿ ಕಾದಿದ್ದರು ಎಂದು ಅಜ್ಜನಿಗೆ ಹೇಳಿದೆ. ಆ ಹಡಗಿನಲ್ಲಿ ಕಂಡಕ್ಟರ್ ಇದ್ದನೇ ಎಂದು ಅವರು ಕೇಳಿದರು!

ಅದೇ ದಾರಿಯಲ್ಲಿ ದೊಡ್ಡ ದುರಂತವೂ ಆಯಿತು. 1890ರ ಫೆಬ್ರುವರಿ 28ರ ರಾತ್ರಿ ಬ್ರಿಸ್ಬೇನ್ ಕಡೆಯಿಂದ ಬರುತ್ತಿದ್ದ ಕ್ವೆಟ್ಟಾ, ನಕ್ಷೆಯಲ್ಲೇ ಇಲ್ಲದ ಬಂಡೆಗೆ ಬಡಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಇದ್ದ 292 ಜನರಲ್ಲಿ 134 ಮಂದಿ ಸತ್ತರು. ಹಡಗಿನ ಕೆಲಸಗಾರರಲ್ಲಿ ಹೆಚ್ಚಿನವರು ಭಾರತದ ಲಸ್ಕರರು.

ಅಷ್ಟರಲ್ಲಿ ಮ್ಯಾಕಿನನ್ ಅವರ ಮನಸ್ಸು ಹಡಗಿನಿಂದ ನೆಲಕ್ಕೆ ಹೋಗಿತ್ತು. 1872ರಿಂದ ಏಡನ್ ಮತ್ತು ಜಾಂಜಿಬಾರ್ ನಡುವೆ ಅವರ ಟಪಾಲು ಹಡಗು ಓಡುತ್ತಿತ್ತು. ಅಲ್ಲಿನ ಸುಲ್ತಾನ ಬರ್ಗಾಶ್ ಜೊತೆ ಗೆಳೆತನ ಬೆಳೆದು, ಪೂರ್ವ ಆಫ್ರಿಕಾದ ವಿಶಾಲ ಪ್ರದೇಶವನ್ನೇ ಗುತ್ತಿಗೆಗೆ ಪಡೆಯುವ ಮಾತುಕತೆ ನಡೆಯಿತು. ಬ್ರಿಟನ್ ಸರ್ಕಾರ ಬೆಂಬಲಿಸದೆ ಅದು ಬಿದ್ದುಹೋಯಿತು. ಎಮಿನ್ ಪಾಷಾ ಎಂಬ ಅಧಿಕಾರಿಯನ್ನು ಆಫ್ರಿಕಾದ ಒಳನಾಡಿನಿಂದ ಕರೆತರಲು ಸ್ಟ್ಯಾನ್ಲಿ ಹೊರಟಾಗ ಆ ಸಮಿತಿಯ ಮುಖ್ಯಸ್ಥರು ಮ್ಯಾಕಿನನ್. ಸ್ಟ್ಯಾನ್ಲಿಗೆ ಹೆಸರು ಬಂತು. ಹೊರೆ ಹೊತ್ತು ಹೋದ ಜಾಂಜಿಬಾರಿನವರಲ್ಲಿ ಬಹುಪಾಲು ಜನ ಮರಳಲಿಲ್ಲ. 1888ರಲ್ಲಿ ರಾಣಿಯ ಸನ್ನದು ಪಡೆದ ಇಂಪೀರಿಯಲ್ ಬ್ರಿಟಿಷ್ ಈಸ್ಟ್ ಆಫ್ರಿಕಾ ಕಂಪನಿಗೆ ಅವರೇ ಅಧ್ಯಕ್ಷರು. ಮರುವರ್ಷ ಸರ್ ಪದವಿಯೂ ಬಂತು.

ಕಂಪನಿ ಮಾತ್ರ ಏಳಲಿಲ್ಲ. ನನಗೆ ಕಾಣುವ ಕಾರಣ ಸರಳ. ಹಡಗಿನ ವ್ಯವಹಾರದಲ್ಲಿ ಖರ್ಚು ಇಷ್ಟೇ ಎಂದು ಮೊದಲೇ ಗೊತ್ತು, ಸರ್ಕಾರದ ಹಣ ಇಂತಿಷ್ಟು ಎಂದು ಬರೆದಿದೆ. ಇಲ್ಲಿ ಕೋಟೆ, ಸೈನಿಕರು, ರಸ್ತೆ, ಮೊಂಬಾಸಾದಿಂದ ಉಗಾಂಡಾಕ್ಕೆ ಸಾಮಾನು ಹೊರುವ ಕೂಲಿ, ಇವುಗಳಿಗೆ ಲೆಕ್ಕವೇ ಇಲ್ಲ. ಸರ್ಕಾರದಿಂದ ಸಹಾಯಧನದ ಭರವಸೆಯೂ ಇಲ್ಲ. ಕಾಗದದ ಮೇಲೆ ದೇಶ ದೊಡ್ಡದು, ಆದಾಯ ಚಿಕ್ಕದು. 1893ರ ಮಾರ್ಚ್ ಕೊನೆಗೆ ಕಂಪನಿ ಉಗಾಂಡಾದಿಂದ ಹೊರಬಂತು. ಜೂನ್ 22ರಂದು ಮ್ಯಾಕಿನನ್ ಲಂಡನ್ನಿನ ಒಂದು ಹೋಟೆಲಿನಲ್ಲಿ ತೀರಿಕೊಂಡರು. 70 ವರ್ಷ. ಮಕ್ಕಳಿರಲಿಲ್ಲ. ಹುಟ್ಟಿದೂರಿಗೆ ದೂರವಲ್ಲದ ಕ್ಲಾಕನ್ ಎಂಬ ಹಳ್ಳಿಯಲ್ಲಿ ಸಮಾಧಿ ಇದೆ. ಎರಡು ವರ್ಷದ ನಂತರ ಆ ಪ್ರದೇಶವನ್ನು ಬ್ರಿಟನ್ ಸರ್ಕಾರವೇ ವಹಿಸಿಕೊಂಡಿತು. ಅವರು ಕನಸು ಕಂಡ ರೈಲುದಾರಿಯನ್ನು 1896ರಿಂದ ಸರ್ಕಾರ ಹಾಕಿಸಿತು. ಹಳಿ ಹಾಕಲು ಹೋದವರು ಸಾವಿರಾರು ಭಾರತೀಯ ಕೂಲಿಗಳು.

ಅವರ ಹಡಗು ಕಂಪನಿ ಮಾತ್ರ ಗಟ್ಟಿಯಾಗಿ ಉಳಿಯಿತು. 1906ರಲ್ಲಿ ತೂತ್ತುಕುಡಿಯಲ್ಲಿ ವಿ.ಓ. ಚಿದಂಬರಂ ಪಿಳ್ಳೈ ಸ್ವದೇಶಿ ಹಡಗು ಕಂಪನಿ ಕಟ್ಟಿ ಕೊಲಂಬೊಗೆ ಹಡಗು ಬಿಟ್ಟಾಗ ಎದುರಿಗೆ ನಿಂತದ್ದು ಇದೇ ಬಿ.ಐ. ದರ ಇಳಿಸುತ್ತಾ ಹೋದರೆ ಯಾರು ಎಷ್ಟು ದಿನ ತಾಳುತ್ತಾರೆ? ಒಂದು ಕಡೆ ಊರಿನ ವರ್ತಕರು ಕೂಡಿಸಿದ ಷೇರು ಹಣ, ಇನ್ನೊಂದು ಕಡೆ ದಶಕಗಳ ಸರ್ಕಾರಿ ಗುತ್ತಿಗೆಯಿಂದ ಕೊಬ್ಬಿದ ಕಂಪನಿ. 1908ರಲ್ಲಿ ಪಿಳ್ಳೈ ಅವರನ್ನು ರಾಜದ್ರೋಹದ ಆರೋಪದಲ್ಲಿ ಜೈಲಿಗೆ ಹಾಕಿದರು. ಜೈಲಿನಲ್ಲಿ ಅವರಿಂದ ಎಣ್ಣೆ ಗಾಣ ಎಳೆಸಿದರು. ಅವರು ಬಿಡುಗಡೆಯಾಗಿ ಹೊರಬರುವ ಹೊತ್ತಿಗೆ ಅವರ ಕಂಪನಿ ಮುಚ್ಚಿಹೋಗಿತ್ತು. ಬಿ.ಐ. ಹಡಗುಗಳು ಎಂದಿನಂತೆ ಟಪಾಲು ಹೊತ್ತು ಕರಾವಳಿಯುದ್ದಕ್ಕೂ ಓಡಾಡುತ್ತಿದ್ದವು.