ಚಿತ್ರಕಾರ ಆಂಟೋನಿಯೋ ಮೊಸ್ಕೇನಿ

ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಮಂದಿರವಿದೆ. ಪುಣೆಯಿಂದ ಕೊಂಕಣ ಮಾರ್ಗವಾಗಿ ಊರಿಗೆ ಹೋಗಿಬರುವ ನಮ್ಮ ಮಾರ್ಕೆಟ್ ಯಾರ್ಡಿನ ಕನ್ನಡಿಗರಲ್ಲಿ ಕೆಲವರಾದರೂ ಅದನ್ನು ಕಂಡಿರಬಹುದು. ಅದರ ಗೋಡೆಗಳೂ ಛಾವಣಿಯೂ ಚಿತ್ರಮಯವಾಗಿವೆ. ಅವನ್ನು ರಚಿಸಿದವರು ಇಟಲಿಯ ಆಂಟೋನಿಯೋ ಮೊಸ್ಕೇನಿ.

ಮೊಸ್ಕೇನಿಯವರು 1854ರಲ್ಲಿ ಬೆರ್ಗಾಮೋ ನಗರದ ಬಳಿಯ ಸ್ತೆತ್ಸಾನೋ ಎಂಬಲ್ಲಿ ಜನಿಸಿದರು. ಬೆರ್ಗಾಮೋದ ಕರ್ರಾರಾ ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿ, ರೋಮಿಗೆ ತೆರಳಿ, ಅಲ್ಲಿನ ವ್ಯಾಟಿಕನ್ನಿನಲ್ಲಿರುವ ಪೂರ್ವಸೂರಿಗಳ ಕೃತಿಗಳನ್ನು ಅಭ್ಯಸಿಸಿದರು. ಕಲಾವಿದರೆಂದು ಹೆಸರು ಪಡೆಯುತ್ತಿದ್ದಾಗಲೇ, 1889ರಲ್ಲಿ, ಯೇಸುಸಭೆಯನ್ನು ಸೇರಿದರು. ಪಾದ್ರಿಯಾಗದೆ, ಕೊನೆಯವರೆಗೂ ಬ್ರದರ್ ಆಗಿಯೇ ಉಳಿದರು. ಸಭೆಯ ಅಪ್ಪಣೆಯಂತೆ 1898ರ ಅಂತ್ಯದಲ್ಲಿ ಮಂಗಳೂರಿಗೆ ಬಂದರು.

ಎರಡು ವರ್ಷಗಳ ಅವಧಿಯಲ್ಲಿ ಅವರು ಮಂದಿರವನ್ನು ಚಿತ್ರಗಳಿಂದ ತುಂಬಿದರು. ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಗೋಡೆಗಳ ಮೇಲಿನವು ಹಸಿಗಾರೆಯ ಚಿತ್ರಗಳು. ಹಸಿಗಾರೆಯ ವಿಧಾನವು ಬಹು ಕಠಿನವಾದುದು. ಸುಣ್ಣದ ಗಾರೆಯು ಒಣಗುವುದರೊಳಗೆ ಬಣ್ಣವನ್ನು ಹಚ್ಚಬೇಕು. ಆದಕಾರಣ ಒಂದು ದಿನಕ್ಕೆ ಸಾಲುವಷ್ಟು ಗಾರೆಯನ್ನು ಮಾತ್ರ ಬಳಿಯುತ್ತಾರೆ. ಗಾರೆಯು ಆರುತ್ತ ಬಂದಂತೆ ಬಣ್ಣವು ಅದರಲ್ಲಿಯೇ ಕಲ್ಲಾಗಿ ನಿಲ್ಲುತ್ತದೆ. ತಪ್ಪಿದರೆ ಕೆತ್ತಿ ತೆಗೆಯುವುದೊಂದೇ ದಾರಿ. ಮಿಲಾನಿನಲ್ಲಿ ಲಿಯೊನಾರ್ಡೊ ಡ ವಿಂಚಿಯು ಒಣಗೋಡೆಯ ಮೇಲೆ ಬರೆದ ಕಡೆಯ ಭೋಜನದ ಚಿತ್ರವು ಅವನ ಜೀವಿತಕಾಲದಲ್ಲಿಯೇ ಉದುರತೊಡಗಿತ್ತು.

ಛಾವಣಿಯ ನಡುಸಾಲಿನಲ್ಲಿರುವುದು ಸಂತ ಅಲೋಶಿಯಸನ ಚರಿತ್ರೆ. ಇದರ ಅರ್ಥ ತಿಳಿಯಬೇಕಾದರೆ ನಾಲ್ಕು ಶತಮಾನಗಳಷ್ಟು ಹಿಂದೆ ಹೋಗಬೇಕು. ಗೊನ್ಸಾಗಾ ಎಂಬುದು ಉತ್ತರ ಇಟಲಿಯ ಪ್ರಭುಮನೆತನ. ಮಾಂಟುವಾದಲ್ಲಿದ್ದ ಅದರ ಹಿರಿಯ ಶಾಖೆಯವರು ಮಂತೇನ್ಯನೆಂಬ ಮಹಾಚಿತ್ರಕಾರನಿಂದ ತಮ್ಮ ಅರಮನೆಯ ಕೋಣೆಯೊಂದರಲ್ಲಿ ತಮ್ಮ ಪರಿವಾರವನ್ನೇ ಬರೆಯಿಸಿಕೊಂಡರು. 1474ರಲ್ಲಿ ಮುಗಿದ ಆ ಕೋಣೆಯ ಛಾವಣಿಯು ತೆರೆದ ಆಕಾಶವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಅದೇ ಮನೆತನದ ಕಸ್ತಿಲ್ಯೋನೆ ಶಾಖೆಯಲ್ಲಿ 1568ರಲ್ಲಿ ಹುಟ್ಟಿದ ಜ್ಯೇಷ್ಠಪುತ್ರನೇ ಅಲೋಶಿಯಸ್. ಅವನು ಪ್ರಭುತ್ವವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದನು. ರೋಮಿನಲ್ಲಿ ಪಿಡುಗಿಗೆ ತುತ್ತಾದವರ ಶುಶ್ರೂಷೆ ಮಾಡುತ್ತ 1591ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಮಡಿದನು. 1729ರಲ್ಲಿ ಅವನನ್ನು ವಿದ್ಯಾರ್ಥಿಗಳ ಪೋಷಕ ಸಂತನೆಂದು ಘೋಷಿಸಲಾಯಿತು.

ಮೊಸ್ಕೇನಿಯವರ ಕೈಚಳಕವೂ ಆ ಪರಂಪರೆಗೇ ಸೇರಿದುದು. ಸಮತಲವಾದ ಗೋಡೆಯ ಮೇಲೆ ನೆರಳು ಬೆಳಕುಗಳಿಂದಲೇ ಕಂಬ, ಅಂಚು, ಉಬ್ಬುಕೆತ್ತನೆಗಳನ್ನು ಅವರು ಕಲ್ಲಿನವೋ ಎಂಬಂತೆ ತೋರಿಸಿದ್ದಾರೆ. ಆದರೆ ಪ್ರಭುಗಳ ವೈಭವವನ್ನು ಹೊಗಳಲು ಬೆಳೆದ ವಿದ್ಯೆಯು ಇಲ್ಲಿ ಆ ವೈಭವವನ್ನು ತೊರೆದವನ ಕಥೆಯನ್ನು ಹೇಳುತ್ತದೆ. ಹೇಳುತ್ತಿರುವವರು ತಾವೂ ಕೀರ್ತಿಯ ದಾರಿಯನ್ನು ಬಿಟ್ಟು ಬಂದವರು. ಚಿತ್ರಗಳು ಬರಿಯ ಅಲಂಕಾರವಲ್ಲವೆಂದು ನನಗೆ ತೋರುವುದು ಇದರಿಂದಲೇ.

ಮಂಗಳೂರಿನ ಬಳಿಕ ಅವರಿಗೆ ಕೊಚ್ಚಿಯ ಸಾಂತಾಕ್ರೂಜ್ ದೇವಾಲಯದಿಂದ ಕರೆ ಬಂದಿತು. ಮಂಗಳೂರಿನವರೇ ಆದ ದ ಗಾಮಾ ಎಂಬವರು ಅಲ್ಲಿ ಅವರಿಗೆ ನೆರವಾದರು. ಲಿಯೊನಾರ್ಡೊನ ಮಾದರಿಯನ್ನನುಸರಿಸಿದ ಕಡೆಯ ಭೋಜನದ ಚಿತ್ರವೊಂದು ಆ ದೇವಾಲಯದಲ್ಲಿದೆ. ಅದನ್ನು ನಕಲೆಂದು ಕಡೆಗಣಿಸುವವರುಂಟು. ಗುರುವಿನ ರಾಗವನ್ನು ಶಿಷ್ಯನು ಹಾಡಿದರೆ ನಾವು ಹಾಗೆನ್ನುವುದಿಲ್ಲ. 1905ರ ನವೆಂಬರ್ 15ರಂದು ಮೊಸ್ಕೇನಿಯವರು ಕೊಚ್ಚಿಯಲ್ಲಿ ನಿಧನ ಹೊಂದಿದರು. ಅದೇ ತಿಂಗಳ 19ರಂದು ಸಾಂತಾಕ್ರೂಜ್ ದೇವಾಲಯದ ಪ್ರತಿಷ್ಠೆಯಾಯಿತು.