ಉಕ್ಕಿನ ಒಳಗುಟ್ಟನ್ನರಿತ ಕಾನ್‌ಸ್ಟನ್ಸ್ ಟಿಪ್ಪರ್

ಕಡಲತಡಿಯ ಮುಂಬಯಿ ನಗರದಲ್ಲಿ ವಾಸಿಸುವ ನಮಗೆ ಹಡಗುಗಳು ಅಪರಿಚಿತವಲ್ಲ. ಆದರೆ ಉಕ್ಕಿನ ಹಲಗೆಗಳನ್ನು ಬೆಸೆದು ಕಟ್ಟಿದ ಹಡಗು ಕೊರೆಯುವ ಚಳಿಯಲ್ಲಿಯೂ ಒಡೆಯದೆ ಸಾಗುವುದರ ಹಿಂದೆ ಯಾರ ಪರಿಶ್ರಮವಿದೆಯೆಂದು ನಾವು ಯೋಚಿಸುವುದು ವಿರಳ. ಆ ಪರಿಶ್ರಮದಲ್ಲಿ ಹಿರಿಯ ಪಾಲು ಪಡೆದ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಅವರು 1894ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ತೌರಿನ ಹೆಸರು ಈಲಮ್. ಕೇಂಬ್ರಿಜ್ಜಿನ ನ್ಯೂನಮ್ ಕಾಲೇಜಿನಲ್ಲಿ ವಿಜ್ಞಾನವನ್ನು ಅಭ್ಯಾಸ ಮಾಡಿದರು. ಸ್ತ್ರೀಯರಿಗೆ ಆ ವಿಶ್ವವಿದ್ಯಾನಿಲಯವು 1948ರವರೆಗೆ ಪೂರ್ಣ ಪದವಿಯನ್ನೇ ನೀಡುತ್ತಿರಲಿಲ್ಲ. ಅದರಿಂದ ಎದೆಗುಂದದೆ ಅವರು ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಮೈನ್ಸ್ ಸಂಸ್ಥೆಯಲ್ಲಿ ಲೋಹಗಳ ಸಂಶೋಧನೆಗೆ ತೊಡಗಿದರು. ಅಲ್ಯೂಮಿನಿಯಂ ಹರಳನ್ನು ಎಳೆದಾಗ ಅದು ಹೇಗೆ ರೂಪುಗೆಡುತ್ತದೆಂಬುದನ್ನು ಜಿ. ಐ. ಟೇಲರರೊಡನೆ ಕೂಡಿ 1923ರಲ್ಲಿ ಪ್ರಕಟಿಸಿದರು. 1928ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿದ್ದ ಜಾರ್ಜ್ ಟಿಪ್ಪರ್ ಅವರನ್ನು ವರಿಸಿದರು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು 2,710 ‘ಲಿಬರ್ಟಿ’ ಹಡಗುಗಳನ್ನು ತ್ವರಿತವಾಗಿ ಕಟ್ಟಿತು. ರಿವೆಟ್ಟುಗಳ ಬದಲು ಬೆಸುಗೆಯಿಂದ ಕೂಡಿಸಿದುದೇ ಆ ವೇಗದ ಗುಟ್ಟು. ಆದರೆ ಕೆಲವು ಹಡಗುಗಳ ಮೈ ಶತ್ರುವಿನ ಪೆಟ್ಟಿಲ್ಲದೆಯೇ ಬಿರಿಯತೊಡಗಿತು. ಅದೇ ಬಗೆಯಲ್ಲಿ ಬೆಸೆದು ಕಟ್ಟಿದ ‘ಸ್ಕೆನೆಕ್ಟಡಿ’ ಎಂಬ ತೈಲವಾಹಕ ನೌಕೆಯು 1943ರ ಜನವರಿ 16ರಂದು ಪೋರ್ಟ್‌ಲೆಂಡ್ ನಗರದ ಶಾಂತಜಲದಲ್ಲಿ ನಿಂತಲ್ಲಿಯೇ ಇಬ್ಭಾಗವಾಯಿತು. ನಡುಗಡಲಿನಲ್ಲಿದ್ದ ನಾವಿಕರ ಪ್ರಾಣಕ್ಕೆ ಭರವಸೆಯೇನು? ದೋಷವೆಲ್ಲ ಬೆಸುಗೆಯದೆಂದು ಬಹುಮಂದಿ ಬಗೆದರು.

ಟಿಪ್ಪರ್ ಅವರ ಪರೀಕ್ಷೆಗಳು ಬೇರೊಂದು ಸತ್ಯವನ್ನು ಹೊರಗೆಡಹಿದವು. ಉಕ್ಕಿನ ದಪ್ಪ ಹಲಗೆಗೆ ಎರಡು ಅಂಚುಗಳಲ್ಲಿಯೂ ಕಚ್ಚು ಮಾಡಿ, ಬೇರೆ ಬೇರೆ ಉಷ್ಣತೆಗಳಲ್ಲಿ ಎಳೆದು ನೋಡಿದರು. ಬೆಚ್ಚಗಿರುವಾಗ ಹಿಗ್ಗಿ ಬಾಗುವ ಉಕ್ಕು, ಒಂದು ಮಿತಿಗಿಂತ ತಣ್ಣಗಾದೊಡನೆ ಪೆಡಸಾಗಿ ಗಾಜಿನಂತೆ ಸಿಡಿಯುತ್ತಿತ್ತು. ಬೆಸುಗೆಯ ಲೋಪವೂ ಚೂಪಾದ ಮೂಲೆಗಳೂ ಬಿರುಕಿಗೆ ಮೊದಲಾಗುತ್ತಿದ್ದುದು ನಿಜ. ಆದರೆ ಅದನ್ನು ತಡೆಯುವ ಗುಣ ಆ ಉಕ್ಕಿನಲ್ಲಿಯೇ ಇರಲಿಲ್ಲ. ರಿವೆಟ್ಟಿನ ಹಡಗಿನಲ್ಲಿ ಬಿರುಕು ಹಲಗೆಯ ಅಂಚಿಗೆ ಬಂದು ನಿಲ್ಲುವುದುಂಟು. ಬೆಸೆದ ಹಡಗಾದರೋ ಒಂದೇ ಅಖಂಡ ಲೋಹವಾದುದರಿಂದ ಅದು ತಡೆಯಿಲ್ಲದೆ ಹರಿಯುತ್ತಿತ್ತು.

ರೋಗವನ್ನರಿತ ಮೇಲೆ ಮದ್ದು ದೊರೆಯಿತು. ಇಂಗಾಲವನ್ನು ತಗ್ಗಿಸಿ, ಮ್ಯಾಂಗನೀಸನ್ನು ಹೆಚ್ಚಿಸಿ, ಲೋಹದ ಕಣಗಳನ್ನು ಸೂಕ್ಷ್ಮಗೊಳಿಸಿದರೆ ಉಕ್ಕು ಚಳಿಯನ್ನು ತಾಳಬಲ್ಲುದು. ಇಂಗಾಲ ಕಡಮೆಯಾದುದರಿಂದ ಬೆಸುಗೆಗೂ ಒಗ್ಗುವುದು. ಮುಂದೆ ಬಂದ ಹೆಚ್ಚು ಬಲದ ನೌಕಾ ಉಕ್ಕುಗಳಿಗೂ ಈ ತತ್ತ್ವವೇ ತಳಹದಿ.

1949ರಲ್ಲಿ ಅವರು ಕೇಂಬ್ರಿಜ್ಜಿನಲ್ಲಿ ರೀಡರ್ ಪದವಿಗೇರಿ, 1960ರಲ್ಲಿ ನಿವೃತ್ತರಾದರು. ಪೆಡಸು ಮುರಿತದ ಕಥೆಯನ್ನು 1962ರಲ್ಲಿ ಗ್ರಂಥರೂಪಕ್ಕಿಳಿಸಿದರು. 1995ರಲ್ಲಿ, ತಮ್ಮ 101ನೆಯ ವಯಸ್ಸಿನಲ್ಲಿ, ಕಾಲವಶರಾದರು. ಹತ್ತು ಜನ ಹೇಳಿದುದನ್ನೇ ಹೇಳದೆ, ಪರೀಕ್ಷಿಸಿ ನೋಡಿ ನಿಶ್ಚಯಿಸುವ ಅವರ ಬುದ್ಧಿ ವಿದ್ಯಾರ್ಥಿಗಳಾದ ನಮಗೆ ಮೇಲ್ಪಂಕ್ತಿಯಾಗಲಿ.