ಹಾಲಿಗೆ ನ್ಯಾಯದ ಬೆಲೆ ತಂದ ಡಾ. ಬ್ಯಾಬ್‌ಕಾಕ್

ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೈರಿ ಮುಂದೆ ಸಾಲು ನಿಲ್ಲುವ ನಾವೆಲ್ಲರೂ ಮೊದಲು ಕೇಳುವುದು ಫ್ಯಾಟ್ ಎಷ್ಟು ಬಂತು ಎಂದೇ. ಹೀಗೆ ಫ್ಯಾಟ್ ನೋಡಿ ಹಣ ಕೊಡುವುದಕ್ಕೆ ದಾರಿ ಮಾಡಿದ ಮಹನೀಯರೊಬ್ಬರ ವಿಚಾರವನ್ನು ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಾಂಧವರ ಮುಂದೆ ಇಡಲು ಇಚ್ಛಿಸುತ್ತೇವೆ.

ಸ್ಟೀಫನ್ ಬ್ಯಾಬ್‌ಕಾಕ್ ಅವರು 1843ರ ಅಕ್ಟೋಬರ್ 22ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಿಡ್ಜ್‌ವಾಟರ್ ಎಂಬಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದರು. ಜರ್ಮನಿಗೆ ಹೋಗಿ ರಸಾಯನಶಾಸ್ತ್ರ ಓದಿ 1879ರಲ್ಲಿ ಡಾಕ್ಟರೇಟ್ ಪಡೆದರು. 1880ರ ದಶಕದ ಕೊನೆಗೆ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನ ಕೃಷಿ ಶಾಲೆಗೆ ಬಂದರು.

ವಿಸ್ಕಾನ್ಸಿನ್ ಮೊದಲು ಗೋಧಿಯ ಸೀಮೆ. ವರ್ಷ ವರ್ಷವೂ ಗೋಧಿಯನ್ನೇ ಬೆಳೆದು ಭೂಮಿಯ ಸಾರ ಹೋಯಿತು, ಮೇಲಿಂದ ಕೀಟದ ಕಾಟ. ರೈತರು ದನ ಕಟ್ಟಿದರು. 1872ರಲ್ಲಿ ಹೈನುಗಾರರ ಸಂಘವೂ ಆಯಿತು. ಊರೂರಿಗೆ ಚೀಸ್ ಕಾರ್ಖಾನೆಗಳು ಎದ್ದವು. ಆದರೆ ಎಲ್ಲರ ಹಾಲನ್ನೂ ಒಟ್ಟಿಗೆ ಸುರಿದು ತೂಕದ ಮೇಲೆ ದುಡ್ಡು ಕೊಡುತ್ತಿದ್ದರು. ನೀರು ಬೆರೆಸಿದವನಿಗೂ ಕೆನೆ ತೆಗೆದು ತಂದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ. ಪ್ರಾಮಾಣಿಕನಿಗೇ ನಷ್ಟ, ನೆರೆಹೊರೆಯಲ್ಲಿ ಅನುಮಾನ.

ಬ್ಯಾಬ್‌ಕಾಕ್ ಅವರು ಇದಕ್ಕೊಂದು ಸುಲಭ ಉಪಾಯ ಹುಡುಕಿದರು. ಹಾಲಿಗೆ ಗಂಧಕಾಮ್ಲ ಸೇರಿಸಿದರೆ ಜಿಡ್ಡು ಬಿಟ್ಟು ಉಳಿದದ್ದೆಲ್ಲ ಕರಗುತ್ತದೆ. ಸೀಸೆಯನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿ ಬಿಸಿನೀರು ಹಾಕಿದರೆ ಜಿಡ್ಡು ಮೇಲೆದ್ದು ಸೀಸೆಯ ಕುತ್ತಿಗೆಗೆ ಬರುತ್ತದೆ. ಅಲ್ಲಿನ ಗೆರೆ ನೋಡಿ ಯಾರು ಬೇಕಾದರೂ ಲೆಕ್ಕ ಹೇಳಬಹುದು. ಶಾಲೆಯ ದನಗಳಲ್ಲಿ ಒಂದೇ ಒಂದು ಹಸುವಿನ ಹಾಲಿಗೆ ಮಾತ್ರ ಮೊದಲು ಈ ಪರೀಕ್ಷೆ ಸರಿಬರಲಿಲ್ಲ. ಪ್ರಕಟಿಸಿಬಿಡಿ ಎಂದು ಮೇಲಿನವರು ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. ಆ ಒಂದು ಹಸುವಿಗೂ ಸರಿಬಂದ ಮೇಲೆಯೇ 1890ರಲ್ಲಿ ಹೊರಗೆ ಬಿಟ್ಟರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಲಕ್ಷಗಟ್ಟಲೆ ದುಡಿಯಬಹುದಿತ್ತು, ರೈತರಿಗೇ ಇರಲಿ ಎಂದು ಬಿಟ್ಟುಕೊಟ್ಟರು.

ಅದೇ 1890ರಲ್ಲಿ ಆ ಶಾಲೆಯಲ್ಲಿ ಹೈನು ತರಬೇತಿಯೂ ಆರಂಭವಾಯಿತು. ಅಲ್ಲಿ ಕಲಿತ ರೈತರ ಮಕ್ಕಳು ಈ ಪರೀಕ್ಷೆಯನ್ನು ಊರೂರಿಗೆ ಒಯ್ದರು. ಯಾವ ಹಸು ಮನೆಗೆ ಲಾಭ, ಯಾವುದು ಬರೀ ಮೇವಿಗೆ ದಂಡ ಎಂಬುದೂ ಗೊತ್ತಾಗತೊಡಗಿತು.

1907ರಲ್ಲಿ ಅವರ ವಿಚಾರದಂತೆ ಹದಿನಾರು ಕಡಸುಗಳಿಗೆ ಗುಂಪು ಮಾಡಿ ಮುಸುಕಿನ ಜೋಳ, ಗೋಧಿ, ಓಟ್ಸ್ ಬೇರೆ ಬೇರೆ ಕೊಟ್ಟರು. ಒಂದು ಗುಂಪಿಗೆ ಮೂರನ್ನೂ ಬೆರೆಸಿ ಕೊಟ್ಟರು. ಲೆಕ್ಕಕ್ಕೆ ಸತ್ವ ಒಂದೇ. ಆದರೂ ಜೋಳ ತಿಂದವು ಚೆನ್ನಾಗಿ ಬೆಳೆದವು, ಗೋಧಿ ತಿಂದವು ಸೊರಗಿ ಅವುಗಳ ಕರುಗಳು ಉಳಿಯಲಿಲ್ಲ. ಮುಂದೆ ವಿಟಮಿನ್ ಶೋಧಕ್ಕೆ ಇದೇ ದಾರಿಯಾಯಿತು. 1931ರ ಜುಲೈನಲ್ಲಿ ಅವರು ಮ್ಯಾಡಿಸನ್‌ನಲ್ಲೇ ತೀರಿಕೊಂಡರು.

ನಮ್ಮ ಕಡೆ ಡೈರಿಗಳಿಗೆ ಬಂದದ್ದು ಸ್ವಿಟ್ಜರ್ಲೆಂಡಿನ ಗರ್ಬರ್ ಅವರ ವಿಧಾನ. ಅದರಲ್ಲೂ ಆಸಿಡ್ ಹಾಕಿ ತಿರುಗಿಸುವುದೇ. ಈಗ ಮಿಷನ್ ಬಂದಿದೆ. ನಾವು ನಿರ್ದೇಶಕರಾದ ಹೊಸದರಲ್ಲಿ ನಮ್ಮ ಮನೆ ಹಾಲಿಗೇ ಫ್ಯಾಟ್ ಕಡಿಮೆ ಬಂತೆಂದು ಹಾಲು ಪರೀಕ್ಷಿಸುವ ಹುಡುಗನ ಮೇಲೆ ಎಲ್ಲರೆದುರು ರೇಗಿದ್ದುಂಟು. ಮತ್ತೆ ಹಾಕಿಸಿದರೂ ಅಷ್ಟೇ ಬಂತು. ಮನೆಗೆ ಬಂದು ವಿಚಾರಿಸಿದರೆ, ಕೊನೆಯ ಹಾಲನ್ನೆಲ್ಲ ಕರುವಿಗೆ ಬಿಟ್ಟು ಮೊದಲಿನದ್ದನ್ನೇ ಡೈರಿಗೆ ತರುತ್ತಿದ್ದೆವು. ಜಿಡ್ಡು ಇರುವುದೇ ಕೊನೆಯ ಹಾಲಿನಲ್ಲಿ. ಮರುದಿನ ಆ ಹುಡುಗನ ಹತ್ತಿರ ತಪ್ಪಾಯ್ತು ಕಣಪ್ಪಾ ಅಂದೆವು.

ಅಳತೆ ಸರಿಯಿದ್ದರೆ ನಂಬಿಕೆ ಇರುತ್ತದೆ, ನಂಬಿಕೆ ಇದ್ದರೆ ಸಂಘ ಇರುತ್ತದೆ. ಕ್ಯಾನಿಗೆ ನೀರು ಹಾಕುವ ಕೈ ಪಕ್ಕದ ಮನೆಯವನ ದುಡ್ಡಿಗೇ ಕೈ ಹಾಕಿದಂತೆ. ಬೆಳ್ಳಿಹಬ್ಬದ ಈ ದಿನ ಇದನ್ನು ನಾವೆಲ್ಲರೂ ನೆನಪಿಡೋಣ ಎಂದು ವಿನಂತಿಸಿ ಈ ನಾಲ್ಕು ಮಾತು ಮುಗಿಸುತ್ತೇವೆ.